ರೆಸ್ಕ್ಯೂ ಗುಂಪಿನ ಲೆಕ್ಕ: ದುಡ್ಡಿನದ್ದು ಮಾತ್ರ ಸಾಕಾ, ಪ್ರಾಣಿಗಳದ್ದೂ ಬೇಕಾ?

ಶೆಡ್‌ಕೀಲಿ, ಹಾಸನ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೀದಿ ಪ್ರಾಣಿಗಳನ್ನು ಕಾಪಾಡೋ ನಮ್ಮ ಗುಂಪಿಗೆ ಊರಾಚೆ ಒಂದು ಬಾಡಿಗೆ ಶೆಡ್ ಇದೆ. ಅದರಲ್ಲಿ 26 ನಾಯಿ, 9 ಬೆಕ್ಕು. ಇನ್ನು ಏಳು ಪ್ರಾಣಿ ಫಾಸ್ಟರ್ ಮನೆಗಳಲ್ಲಿವೆ (ದತ್ತು ಆಗೋವರೆಗೆ ತಾತ್ಕಾಲಿಕವಾಗಿ ನೋಡಿಕೊಳ್ಳೋ ಮನೆಗಳು). ನೋಡಿಕೊಳ್ಳೋರು ಎಂಟು ಜನ, ಅವರಲ್ಲಿ ಸಂಬಳಕ್ಕಿರೋದು ಒಬ್ಬರೇ. ಗುಂಪು ರಿಜಿಸ್ಟರ್ ಆಗಿಲ್ಲ. ದೇಣಿಗೆ ಒಬ್ಬ ಸದಸ್ಯರ ಸ್ವಂತ ಖಾತೆಗೆ ಯುಪಿಐನಲ್ಲಿ ಬರುತ್ತೆ. ಲೆಕ್ಕ ಅಂದರೆ ವಾಟ್ಸಾಪಿನಲ್ಲಿ ಹಾಕಿದ ಬಿಲ್ಲಿನ ಫೋಟೋಗಳು, ಅಷ್ಟೆ.

ಕಳೆದ ತಿಂಗಳು ದಾನಿಯೊಬ್ಬರು "ಕಾಲು ಮುರಿದಿದ್ದ ಕಂದು ಮರಿ ಈಗ ಎಲ್ಲಿದೆ?" ಅಂತ ಕೇಳಿದರು. ಒಬ್ಬರು "ದತ್ತು ಹೋಯ್ತು" ಅಂದರು, ಇನ್ನೊಬ್ಬರು "ಸತ್ತೋಯ್ತು" ಅಂದರು. ಅದೇ ತಿಂಗಳು ಪಾರ್ವೋದಿಂದ (ನಾಯಿಮರಿಗಳಿಗೆ ವಾಂತಿ-ಭೇದಿ ತರೋ ವೈರಸ್ ಕಾಯಿಲೆ) ಆರು ಮರಿ ಹೋದವು. ಅದನ್ನು ಗುಂಪಿನ ಆನ್‌ಲೈನ್ ಪೇಜಿನಲ್ಲಿ ಹಾಕಲಿಲ್ಲ, ಹಾಕಿದರೆ ಜನ ನಂಬಿಕೆ ಕಳೆದುಕೊಳ್ಳುತ್ತಾರೆ ಅನ್ನೋ ಭಯ.

ಕೇಳಬೇಕಾದ್ದು ಇಷ್ಟು. ಯಾವ ದಾಖಲೆ ಇಡಲೇಬೇಕು? ಸಾವನ್ನು ಹೇಗೆ ಹೇಳೋದು? ಮುಂದೆ ಹೀಗೆ ಮರಿಗಳು ಸಾಯದಂತೆ ಶೆಡ್‌ನಲ್ಲಿ ಏನು ಬದಲಾಗಬೇಕು? ಖಾತೆಯನ್ನು ಹೇಗೆ ಸರಿಮಾಡೋದು? ಅಮೆರಿಕದಲ್ಲಿರೋ ಊರಿನವರೊಬ್ಬರು ದೊಡ್ಡ ಮೊತ್ತ ಕಳಿಸ್ತೀನಿ ಅಂತಿದ್ದಾರೆ, ತಗೋಬಹುದಾ?

---

ಖಾತೆಪುಸ್ತಕ, ಮೈಸೂರು

ಆ ದಾನಿ ದುಡ್ಡು ಎಲ್ಲಿ ಅಂತ ಕೇಳಲಿಲ್ಲ, ಮರಿ ಎಲ್ಲಿ ಅಂತ ಕೇಳಿದರು. ಹಾಗಾಗಿ ಅಲ್ಲಿಂದಲೇ ಶುರುಮಾಡಿ. ಅಂಗಡಿಯವರು ರಾತ್ರಿ ಗಲ್ಲಾಪೆಟ್ಟಿಗೆ ತಾಳೆ ನೋಡದೆ ಬಾಗಿಲು ಹಾಕಲ್ಲ. ಶೆಡ್‌ಗೂ ಅಂಥದ್ದೇ ಒಂದು ಶಿಲ್ಕು, ಅಂದರೆ ಉಳಿದದ್ದರ ಲೆಕ್ಕ ಬೇಕು, ಪ್ರಾಣಿಗಳ ಶಿಲ್ಕು.

200 ಪುಟದ ಒಂದು ಉದ್ದ ಪುಸ್ತಕ ಸಾಕು, ಆ್ಯಪ್ ಬೇಡ. ಒಳಗೆ ಬಂದ ಪ್ರತಿ ಪ್ರಾಣಿಗೂ ಒಂದು ನಂಬರ್. ವರ್ಷ, ಅಡ್ಡಗೆರೆ, ಕ್ರಮಸಂಖ್ಯೆ: 26-0143 ಅನ್ನೋ ಥರ. ಹೆಸರು ಇಡಿ, ಆದರೆ ಲೆಕ್ಕ ನಡೆಯೋದು ನಂಬರಿನ ಮೇಲೆ. ಯಾಕೆ ಅಂದರೆ ಶೆಡ್‌ನಲ್ಲಿ ಒಂದೇ ಸಲ ಮೂರು "ಬ್ರೌನಿ" ಇರುತ್ತವೆ, ನಿಮ್ಮ ಕಂದು ಮರಿಯ ವಿಷಯದಲ್ಲಿ ಎರಡು ಉತ್ತರ ಬಂದದ್ದೂ ಬಹುಶಃ ಹಾಗೇ. ಸತ್ತ ಪ್ರಾಣಿಯ ನಂಬರನ್ನು ಇನ್ನೊಂದಕ್ಕೆ ಯಾವತ್ತೂ ಕೊಡಬೇಡಿ.

ಬಂದ ದಿನವೇ ಬರೆಯಬೇಕಾದ್ದು: ತಾರೀಖು, ಗಂಟೆ, ಸಿಕ್ಕಿದ ಜಾಗ (ಬಡಾವಣೆ ಹೆಸರು ಸಾಲದು, ಯಾವ ಅಡ್ಡರಸ್ತೆ, ಯಾವ ಅಂಗಡಿಯ ಎದುರು ಅಂತ), ತಂದವರ ಫೋನ್, ತೂಕ, ಅಂದಾಜು ವಯಸ್ಸು, ಕಂಡ ಗಾಯ, ಕಿವಿ ಕಚ್ಚು (ಸಂತಾನಹರಣ ಆದ ಗುರುತು) ಇದೆಯಾ ಇಲ್ವಾ. ಮೂರು ಫೋಟೋ: ಮುಖ, ಎಡಪಕ್ಕ, ಬಲಪಕ್ಕ. ನಂಬರ್ ಬರೆದ ಚೀಟಿ ಫೋಟೋದೊಳಗೇ ಕಾಣಬೇಕು. ಬೆಲ್ಟ್ ಕಳಚಿ ಬೀಳುತ್ತೆ, ಮೈಮೇಲಿನ ಮಚ್ಚೆ ಬೀಳಲ್ಲ.

ಹೊರಗೆ ಹೋಗೋ ದಾರಿಗಳಿಗೆ ಒಂದೊಂದು ಕಾಲಂ ಇಡಿ: ದತ್ತು, ಬಂದ ಜಾಗಕ್ಕೇ ವಾಪಸ್, ಮಾಲೀಕರಿಗೆ ವಾಪಸ್, ಬೇರೆ ಸಂಸ್ಥೆಗೆ, ಸಾವು, ದಯಾಮರಣ, ತಪ್ಪಿಸಿಕೊಂಡದ್ದು. ಫಾಸ್ಟರ್ ಮನೆಗೆ ಹೋದದ್ದು ಹೊರಗೆ ಹೋದ ಲೆಕ್ಕ ಅಲ್ಲ, ಅದು ಇನ್ನೂ ನಿಮ್ಮದೇ. ತುಂಬ ಗುಂಪುಗಳ ಲೆಕ್ಕ ಕಳಚೋದು ಇಲ್ಲೇ. ಫಾಸ್ಟರ್ ಮನೆಯಲ್ಲಿ ಸತ್ತ ಮರಿ ಯಾವ ಪಟ್ಟಿಯಲ್ಲೂ ಇರಲ್ಲ.

ತಿಂಗಳ ಕೊನೆಯ ದಿನ ಹೀಗೆ ಕೂಡಿಸಿ ನೋಡಿ. ಉದಾಹರಣೆಗೆ ಆರಂಭ ಶಿಲ್ಕು 38, ಬಂದದ್ದು 18, ಒಟ್ಟು 56. ದತ್ತು 5, ಜಾಗಕ್ಕೆ ವಾಪಸ್ 3, ಮಾಲೀಕರಿಗೆ 1, ಸಾವು 4, ದಯಾಮರಣ 1, ಹೊರಗೆ ಹೋದದ್ದು ಒಟ್ಟು 14. ಉಳಿಯಬೇಕಾದ್ದು 42. ಈಗ ಪುಸ್ತಕ ಮುಚ್ಚಿ, ಶೆಡ್‌ಗೆ ಹೋಗಿ ತಲೆ ಎಣಿಸಿ. ಶೆಡ್‌ನಲ್ಲಿ 35, ಫಾಸ್ಟರ್ ಮನೆಗಳಿಂದ ಅವತ್ತೇ ತರಿಸಿಕೊಂಡ ಫೋಟೋ 7, ಅಲ್ಲಿಗೆ 42. 41 ಬಂತು ಅಂದರೆ ಆ ಒಂದು ಎಲ್ಲಿ ಅಂತ ಗೊತ್ತಾಗೋವರೆಗೂ ತಿಂಗಳು ಮುಗಿದಿಲ್ಲ. ಎಣಿಸೋರು ಪುಸ್ತಕ ಬರೆಯೋರೇ ಆಗಿರಬಾರದು.

ಸಾವನ್ನು ಹೇಗೆ ಹೇಳೋದು ಅಂತ ಕೇಳಿದ್ದೀರಿ. ಇದೇ ಪಟ್ಟಿಯನ್ನು ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಪೇಜಿಗೆ ಹಾಕಿ, ಸಾವಿನ ಕಾಲಂ ಸಮೇತ. ಬಂದ 24 ಗಂಟೆಯೊಳಗೆ ಸತ್ತವು, ಆಮೇಲೆ ಸತ್ತವು ಅಂತ ಎರಡು ಭಾಗ ಮಾಡಿ. ಲಾರಿ ಹಾಯ್ದು ಕೊನೆಯುಸಿರಿನಲ್ಲಿ ಬಂದ ನಾಯಿ ಬೇರೆ, ಚೆನ್ನಾಗಿದ್ದು ನಿಮ್ಮಲ್ಲಿಗೆ ಬಂದಮೇಲೆ ಕಾಯಿಲೆ ಹತ್ತಿಸಿಕೊಂಡ ಮರಿ ಬೇರೆ. ಎರಡನೆಯದಕ್ಕೆ ಜವಾಬು ಕೊಡಬೇಕಾದವರು ನೀವು. "ಈ ತಿಂಗಳು ಪಾರ್ವೋ, ಆರು ಮರಿ ಸತ್ತವು, ಇಂಥ ದಿನದಿಂದ ಹೊಸ ಮರಿ ತಗೊಳ್ತಿಲ್ಲ, ಇಂಥದ್ದು ಬದಲಾಯಿಸಿದ್ದೀವಿ" ಅಂತ ನಾಲ್ಕು ಸಾಲು ಸಾಕು. ಆರು ಸಾವು ಗೊತ್ತಾದರೆ ಸ್ವಲ್ಪ ಜನ ದೂರ ಹೋಗಬಹುದು. ಮುಚ್ಚಿಟ್ಟದ್ದು ಹೊರಬಿದ್ದರೆ ಎಲ್ಲರೂ ಹೋಗ್ತಾರೆ, ಜೊತೆಗೆ ಊರಿನ ಬೇರೆ ಗುಂಪುಗಳಿಗೂ ಅದೇ ಹೆಸರು ಅಂಟುತ್ತೆ.

---

ಧಾರವಾಡ_ಪಶುವೈದ್ಯ

ಆರು ಮರಿ ಹೋದವು ಅಂದ್ರ ಭಾಳ ಸಂಕಟದ ವಿಷಯರೀ. ಮೇಲಿನವರು ಹೇಳಿದ ಪುಸ್ತಕದಾಗ ಇನ್ನೆರಡು ಕಾಲಂ ಹಾಕ್ರಿ: ಬಂದ ತಾರೀಖು, ಮೊದಲ ವಾಂತಿ ಅಥವಾ ಭೇದಿ ಕಂಡ ತಾರೀಖು. ಪಾರ್ವೋ ಮೈಯಾಗ ಹೊಕ್ಕ ಮ್ಯಾಲೆ ಲಕ್ಷಣ ತೋರಿಸ್ಲಿಕ್ಕೆ ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಬಂದ ಮರುದಿನನ ವಾಂತಿ ಶುರುವಾತು ಅಂದ್ರ ಅದು ಹೊರಗಿಂದ ತಂದದ್ದು. ಹತ್ತನೇ ದಿನ ಶುರುವಾತು ಅಂದ್ರ ಬಹುತೇಕ ನಿಮ್ಮ ಶೆಡ್ಡಿನಾಗ ಹತ್ತಿದ್ದು ಅಂತ ತಿಳೀರಿ. ಆರೂ ಮರಿಗಳ ತಾರೀಖು ಹಿಂಗ ಬರದು ನೋಡ್ರಿ, ತಪ್ಪು ಬಾಗಿಲಾಗ ಆಗೇತೋ ಒಳಗ ಆಗೇತೋ ತಿಳೀತದ.

ಹೊಸ ಪ್ರಾಣಿ ಬಂದ್ರ 14 ದಿನ ಬ್ಯಾರೆ ಇಡಬೇಕು. ಬ್ಯಾರೆ ಅಂದ್ರ ಅದೇ ಶೆಡ್ಡಿನ ಮೂಲಿಯಾಗ ಇನ್ನೊಂದು ಬೋನು ಅಲ್ಲ. ಬ್ಯಾರೆ ಗೋಡೆ, ಬ್ಯಾರೆ ಬಕೆಟ್, ಬ್ಯಾರೆ ಕಸಬರಿಗಿ, ಬ್ಯಾರೆ ಚಪ್ಪಲಿ. ನೀರು ಹರಿದು ಹೋಗೋ ಇಳಿಜಾರು ಹಳೇ ನಾಯಿಗಳ ಕಡೆ ಇರಬಾರದು. ಕೆಲಸದ ಸರದಿ ಹಿಂಗಿರಲಿ: ಮೊದಲು ಆರೋಗ್ಯವಾಗಿರೋ ಮರಿಗಳು, ಆಮ್ಯಾಲೆ ದೊಡ್ಡವು, ಆಮ್ಯಾಲೆ ಹೊಸದಾಗಿ ಬಂದವು, ಕಡೀಕ ಕಾಯಿಲೆಯವು. ಕೆಲಸ ಮಾಡೋರು ಒಬ್ಬರೇ ಇದ್ರಂತೂ ಈ ಸರದಿ ತಪ್ಪಿಸಲೇಬಾರದು. ಯಾಕಂದ್ರ ವೈರಸ್ಸು ನಾಯಿಯಿಂದ ನಾಯಿಗೆ ಹಾರೋದಕ್ಕಿಂತ ಕೈ, ಕಾಲು, ಊಟದ ತಟ್ಟಿ ಮ್ಯಾಲೆ ಸವಾರಿ ಮಾಡೋದ ಜಾಸ್ತಿ. ಡಿಸ್ಟೆಂಪರ್ (ನಾಯಿಗಳ ಇನ್ನೊಂದು ವೈರಸ್ ಕಾಯಿಲೆ) ಹಂಗಲ್ಲ, ಅದು ಸೀನು-ಕೆಮ್ಮಿನ ಹನಿಯಿಂದ ಹರಡ್ತದ, ಲಕ್ಷಣ ಕಾಣಾಕ ನಾಲ್ಕು ವಾರನೂ ಹಿಡೀಬಹುದು. ಆದ್ದರಿಂದ 14 ದಿನ ದಾಟಿದ ಮ್ಯಾಲೂ ಮೂಗು ಸೋರೋ ಮರೀನ ಗುಂಪಿಗೆ ಬಿಡಬ್ಯಾಡ್ರಿ.

ಫಿನಾಯಿಲ್ ಮ್ಯಾಲೆ ನಂಬಿಕಿ ಇಟ್ಟೀರಿ ಅಂದ್ರ ಅದನ್ನ ಬಿಡ್ರಿ. ಫಿನಾಯಿಲ್‌ಗೆ ಪಾರ್ವೋ ಸಾಯಂಗಿಲ್ಲ, ಮ್ಯಾಲೆ ಬೆಕ್ಕಿಗೆ ಫಿನಾಯಿಲ್ ವಿಷ. ಬೇಕಾದ್ದು ಸೋಡಿಯಂ ಹೈಪೋಕ್ಲೋರೈಟ್, ಅಂದ್ರ ದ್ರವರೂಪದ ಬ್ಲೀಚ್. ಕ್ಯಾನಿನ ಮ್ಯಾಲೆ 5 ಪರ್ಸೆಂಟ್ ಅಂತ ಇದ್ರ 10 ಲೀಟರ್ ನೀರಿಗೆ 330 ಮಿ.ಲೀ., 4 ಪರ್ಸೆಂಟ್ ಇದ್ರ 400 ಮಿ.ಲೀ. ಮೊದಲು ಮಲ ಎತ್ತಿ, ಸೋಪಿನ ನೀರಿನಿಂದ ತಿಕ್ಕಿ, ತೊಳೆದು, ಆಮ್ಯಾಲೆ ಈ ನೀರು ಹಾಕಿ 10 ನಿಮಿಷ ಹಸಿ ಇರಂಗ ಬಿಡಬೇಕು. ಹೊಲಸಿನ ಮ್ಯಾಲೇನ ಸುರಿದ್ರ ಬ್ಲೀಚ್ ಹೊಲಸಿನ ಜೊತಿಗೇ ಖರ್ಚಾಗಿ ಹೋಗ್ತದ, ವೈರಸ್ಸು ಹಂಗ ಉಳೀತದ. ಎರಡೇ ನಿಮಿಷಕ್ಕ ಒರೆಸಿದ್ರನೂ ಉಪಯೋಗ ಇಲ್ಲ. ಟಾಯ್ಲೆಟ್ ಆ್ಯಸಿಡ್ ಜೊತಿ ಮಾತ್ರ ಎಂದೂ ಕೂಡಿಸಬ್ಯಾಡ್ರಿ, ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟತದ. ಮಣ್ಣಿನ ನೆಲ ಇದ್ರ ಯಾವ ಔಷಧಕ್ಕೂ ಶುದ್ಧ ಆಗಂಗಿಲ್ಲ. ಪಾರ್ವೋ ಮಣ್ಣಾಗ ತಿಂಗಳಾನುಗಟ್ಟಲೆ, ನೆರಳಿದ್ದಲ್ಲಿ ವರ್ಷದ ತನಕ ಇರ್ತದ. ಲಸಿಕಿ ಪೂರ್ತಿ ಆಗದ ಮರೀನ ಆ ನೆಲದ ಮ್ಯಾಲೆ ಇಳಿಸಲೇಬ್ಯಾಡ್ರಿ. ದುಡ್ಡು ಕೂಡಿದ್ರ ಮೊದಲು ಸಿಮೆಂಟ್ ನೆಲ, ಆಮ್ಯಾಲೆ ಉಳಿದದ್ದು.

ಲಸಿಕಿ ಬಾಗಿಲಾಗ ಹಾಕಬೇಕು, "ವಾರ ನೋಡೋಣ" ಅನ್ನಬಾರದು. ಆರು ವಾರ ಆದ ಮರಿಗೆ ಬಂದ ದಿನಾನ ಪಾರ್ವೋ-ಡಿಸ್ಟೆಂಪರ್ ಲಸಿಕಿ, ಆಮ್ಯಾಲೆ 2-3 ವಾರಕ್ಕೊಮ್ಮೆ, 16 ವಾರ ದಾಟೋ ತನಕ. ತಾಯಿ ಹಾಲಿನಿಂದ ಬಂದ ರಕ್ಷಣೆ ಮೈಯಾಗ ಇರೋ ತನಕ ಲಸಿಕಿ ಹಿಡಿಯಂಗಿಲ್ಲ, ಅದು ಯಾವ ವಾರ ಇಳೀತದ ಅಂತ ಹೊರಗಿಂದ ಹೇಳಾಕ ಬರಂಗಿಲ್ಲ, ಅದಕ್ಕ ಮತ್ತ ಮತ್ತ ಹಾಕೋದು. ಒಂದು ಹಾಕಿಸಿ ಸುಮ್ಮನಾದ್ರ ಸಾಯ್ತಾವ. ರೇಬೀಸ್ ಲಸಿಕಿ ಮೂರು ತಿಂಗಳಿಗೆ. ಫ್ರಿಜ್ಜಿನಾಗ 2ರಿಂದ 8 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಟ್ಟು ಮುಂಜಾನೆ-ಸಂಜೆ ಬರೀರಿ. ಕರೆಂಟ್ ಹೋಗಿ ಬಂದದ್ದು ಗೊತ್ತಾಗದ ಫ್ರಿಜ್ಜಿನ ಲಸಿಕಿ ನೀರಿಗೆ ಸಮ.

ಔಷಧದ ಪುಸ್ತಕ ಬ್ಯಾರೆ: ಪ್ರಾಣಿ ನಂಬರ್, ತೂಕ, ಔಷಧ, ಎಷ್ಟು ಮಿ.ಲೀ., ಎಷ್ಟು ಗಂಟೆಗೆ, ಕೊಟ್ಟೋರ ಸಹಿ. ಡಾಕ್ಟರು ಬರೆದದ್ದನ್ನ ಕೊಡೋದು ನಿಮ್ಮ ಕೆಲಸ. ರೋಗ ಇದು ಅಂತ ಹೇಳೋದು, ಔಷಧ ಬರೆಯೋದು, ಕೊಯ್ಯೋದು 1984ರ ಭಾರತೀಯ ಪಶುವೈದ್ಯ ಮಂಡಳಿ ಕಾಯ್ದೆ ಪ್ರಕಾರ ನೋಂದಾಯಿತ ವೈದ್ಯರದ್ದು. ಫೋಟೋ ನೋಡಿ ವಾಟ್ಸಾಪಿನಾಗ ಡೋಸ್ ಹೇಳೋ ರೂಢಿ ಹೋಗಬೇಕು. ಪ್ಯಾರಾಸಿಟಮಾಲ್ ಒಂದು ಗುಳಿಗಿ ಬೆಕ್ಕಿನ ಜೀವ ತಗೀತದ. ನಾಯಿ ಉಣ್ಣಿಗೆ ಹಚ್ಚೋ ಪರ್ಮೆಥ್ರಿನ್ ಬೆಕ್ಕಿಗೆ ಹಚ್ಚಿದ್ರ ನಡುಗಿ ನಡುಗಿ ಸಾಯ್ತದ.

ದಯಾಮರಣ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೊಳಗ ಅದಕ್ಕ ಜಾಗ ಐತಿ, ಆದ್ರ ಮಾಡೋರು ವೈದ್ಯರು. ಕಾರಣ ಬರೆದು, ವೈದ್ಯರ ಸಹಿ, ಗುಂಪಿನ ಇಬ್ಬರ ಸಹಿ ಇರಲಿ. ಇನ್ನೊಂದು ನಾಯಿಯ ಕಣ್ಣೆದುರು ಮಾಡಬಾರದು. "ನಾವು ಯಾವುದನ್ನೂ ಕೊಲ್ಲಂಗಿಲ್ಲ" ಅಂತ ಬೋರ್ಡ್ ಹಾಕಿಕೊಂಡು, ಬೆನ್ನುಮೂಳೆ ಮುರಿದು ಹುಳ ಬಿದ್ದ ನಾಯೀನ ಹದಿನೈದು ದಿನ ನರಳಿಸೋದು ದಯೆ ಅಲ್ಲರೀ.

ಕಡೀದಾಗಿ ಎಂಟೂ ಮಂದಿ ರೇಬೀಸ್ ಮುಂಜಾಗ್ರತೆ ಲಸಿಕಿ ತಗೋರಿ: 0, 7 ಮತ್ತ 21 ಅಥವಾ 28ನೇ ದಿನ. ಆಮ್ಯಾಲೆ ಕಚ್ಚಿದ್ರ ಸೋಪು ಹಚ್ಚಿ ಹರಿಯೋ ನೀರಿನಾಗ 15 ನಿಮಿಷ ತೊಳೆದು, ಅದೇ ದಿನ ಮತ್ತು 3ನೇ ದಿನ ಎರಡು ಡೋಸ್. ಮೊದಲ ತಗೊಂಡಿದ್ರ ಇಮ್ಯುನೊಗ್ಲಾಬ್ಯುಲಿನ್ (ಗಾಯಕ್ಕ ಹಾಕೋ ತಯಾರು ಪ್ರತಿಕಾಯದ ಇಂಜೆಕ್ಷನ್) ಬೇಕಾಗಂಗಿಲ್ಲ. ಈ ಲಸಿಕಿ ಕಾರ್ಡು ತೋರಿಸದವರಿಗೆ ನಾಯಿ ಹಿಡಿಯೋ ಕೆಲಸ ಕೊಡಬ್ಯಾಡ್ರಿ, ಎಷ್ಟ ಹುರುಪಿನ ಹುಡುಗರಿರಲಿ.

---

ಶೆಡ್‌ಕೀಲಿ, ಹಾಸನ

ತುಂಬಾ ಥ್ಯಾಂಕ್ಸ್. ತಾರೀಖು ಬರೆದು ನೋಡಿದ್ವಿ. ಆರರಲ್ಲಿ ಎರಡು ಮರಿಗೆ ಬಂದ ಮರುದಿನವೇ ವಾಂತಿ, ಉಳಿದ ನಾಲ್ಕಕ್ಕೆ 9ರಿಂದ 13ನೇ ದಿನದ ನಡುವೆ. ಹಾಗಾದರೆ ನಾಲ್ಕು ಬಹುಶಃ ಇಲ್ಲೇ ಹತ್ತಿಸಿಕೊಂಡವು. ನೆಲ ಅರ್ಧ ಸಿಮೆಂಟು, ಅರ್ಧ ಮಣ್ಣು. ಪ್ರತ್ಯೇಕ ಕೋಣೆ ಕಟ್ಟೋವರೆಗೂ ಹೊಸದು ತಗೊಳ್ಳೋದು ನಿಲ್ಲಿಸಬೇಕಾ? ದಿನಕ್ಕೆ ನಾಲ್ಕೈದು ಫೋನ್ ಬರುತ್ತೆ, ಇಲ್ಲ ಅನ್ನೋದು ಕಷ್ಟ.

---

ಖಾತೆಪುಸ್ತಕ, ಮೈಸೂರು

ಮರಿಗಳನ್ನು ತಗೊಳ್ಳೋದು ನಿಲ್ಲಿಸಿ, ಇವತ್ತಿಂದಲೇ. ಎಷ್ಟು ಪ್ರಾಣಿ ಹಿಡಿಸುತ್ತೆ ಅನ್ನೋದನ್ನ ಬೋನಿನ ಲೆಕ್ಕದಲ್ಲಿ ನೋಡಬೇಡಿ, ಕೈಗಳ ಲೆಕ್ಕದಲ್ಲಿ ನೋಡಿ. ಬರೀ ಕ್ಲೀನ್ ಮಾಡಿ ಊಟ ಹಾಕೋದಕ್ಕೆ ಒಂದು ಪ್ರಾಣಿಗೆ ದಿನಕ್ಕೆ 15 ನಿಮಿಷ ಅಂತ ಶೆಲ್ಟರ್ ನಡೆಸೋರು ಹಿಡಿಯೋ ಅಂದಾಜು. 35 ಪ್ರಾಣಿಗೆ 525 ನಿಮಿಷ, ಅಂದರೆ ಎಂಟೂಮುಕ್ಕಾಲು ಗಂಟೆ. ಇದರಲ್ಲಿ ಔಷಧಿ, ಡ್ರೆಸ್ಸಿಂಗ್, ಆಸ್ಪತ್ರೆ ಓಡಾಟ ಸೇರಿಲ್ಲ. ಸಂಬಳದ ಒಬ್ಬರು ಊಟಕ್ಕೆ ಕೂರದೆ ದುಡಿದರೂ ಮುಗಿಯಲ್ಲ. ಹಾಗಾಗಿ ಆ 10 ನಿಮಿಷ ಹಸಿಯಾಗಿರಬೇಕಾದ ಬ್ಲೀಚು ಎರಡು ನಿಮಿಷಕ್ಕೆ ಒರೆಸಿಹೋಗುತ್ತೆ. ನಾಲ್ಕು ಮರಿ ಸತ್ತದ್ದರಲ್ಲಿ ಈ ಗಂಟೆಗಳ ಪಾಲೂ ಇದೆ. ಆ ಕೆಲಸದವರನ್ನು ಮಾತ್ರ ದೂರಬೇಡಿ.

ಇನ್ನೊಂದು ಗುಣಾಕಾರ: ದಿನಕ್ಕೆ ಸರಾಸರಿ ಎಷ್ಟು ಬರ್ತವೆ ಗುಣಿಸು ಸರಾಸರಿ ಎಷ್ಟು ದಿನ ಉಳೀತವೆ. ತಿಂಗಳಿಗೆ 18 ಬಂದರೆ ದಿನಕ್ಕೆ 0.6. ಒಂದೊಂದೂ 60 ದಿನ ಉಳಿದರೆ ಯಾವಾಗಲೂ 36 ಜಾಗ ತುಂಬಿರುತ್ತೆ. ದತ್ತು ನಿಧಾನವಾಗಿ 90 ದಿನಕ್ಕೆ ಹೋದರೆ ಅದೇ 18ಕ್ಕೆ 54 ಜಾಗ ಬೇಕು. ಶೆಡ್ ತುಂಬಿ ತುಳುಕೋದು ಹೆಚ್ಚು ಪ್ರಾಣಿ ಬಂದದ್ದರಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೇಗ ಹೊರಗೆ ಹೋಗದ್ದರಿಂದಲೂ ತುಂಬುತ್ತೆ. ಉಳಿದ ದಿನಗಳ ಸರಾಸರಿಯನ್ನೂ ತಿಂಗಳ ಪಟ್ಟಿಯಲ್ಲಿ ಹಾಕಿ.

ಫೋನ್ ಮಾಡಿದವರಿಗೆ ಬರೀ ಇಲ್ಲ ಅನ್ನಬೇಡಿ. ತಾಯಿ ಹತ್ತಿರದಲ್ಲಿರೋ ಆರೋಗ್ಯವಂತ ಮರಿಯನ್ನು ಅಲ್ಲೇ ಬಿಡಿ ಅನ್ನಿ, ತಾಯಿಯ ಸಂತಾನಹರಣಕ್ಕೆ ನಗರಸಭೆಗೆ ದೂರು ಕೊಡಿಸಿ. ಸಣ್ಣ ಗಾಯ ಇದ್ದರೆ ಫೋನ್ ಮಾಡಿದವರೇ ವೈದ್ಯರ ಹತ್ತಿರ ಒಯ್ಯಲಿ, ಬಿಲ್ಲಿನಲ್ಲಿ ಇಷ್ಟು ನಾವು ಕೊಡ್ತೀವಿ ಅನ್ನಿ. ಹಸು-ಕರು ಆದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಇದೆ. ಶೆಡ್‌ಗೆ ಬರಬೇಕಾದ್ದು ಬೀದಿಯಲ್ಲಿ ಬದುಕುಳಿಯಲಾರದ್ದು ಮಾತ್ರ. ಇಲ್ಲ ಅಂದ ಕರೆಗಳನ್ನೂ ಒಂದು ಪುಟದಲ್ಲಿ ಬರೆದಿಡಿ. ನಗರಸಭೆಯಲ್ಲಿ ಸೌಕರ್ಯ ಕೇಳೋಕೆ ಹೋದಾಗ ಆ ಪುಟವೇ ನಿಮ್ಮ ಸಾಕ್ಷಿ.

ಈಗ ದುಡ್ಡು. ಸ್ವಂತ ಖಾತೆಗೆ ಬಂದದ್ದು ಕಾನೂನಿನ ಕಣ್ಣಲ್ಲಿ ಆ ವ್ಯಕ್ತಿಯದ್ದೇ. ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ಅವರ ಆದಾಯಕ್ಕೆ ಸೇರುತ್ತೆ. ನಾಳೆ ಅವರಿಗೇನಾದರೂ ಆದರೆ ಉಳಿದದ್ದು ವಾರಸುದಾರರಿಗೆ ಹೋಗುತ್ತೆ, ನಾಯಿಗಳಿಗಲ್ಲ. ಅವರು ಪ್ರಾಮಾಣಿಕರೇ ಇರಬಹುದು. ಅವರನ್ನು ಅನುಮಾನದಿಂದ ಕಾಪಾಡೋಕೂ ಖಾತೆ ಬೇರೆ ಆಗಬೇಕು. ನೀವು ಎಂಟು ಜನ ಇದ್ದೀರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡೋಕೆ ಏಳು ಜನ ಸಾಕು. ಸಂಘದ ಪ್ಯಾನ್, ಸಂಘದ ಹೆಸರಿನ ಬ್ಯಾಂಕ್ ಖಾತೆ, ಇಬ್ಬರ ಸಹಿ. ಆ ಇಬ್ಬರು ಒಂದೇ ಮನೆಯವರಾಗಬಾರದು.

ಒಂದು ಪ್ರಾಣಿಗೆ ಅಂತ ದುಡ್ಡು ಕೇಳುವಾಗ ಮೊದಲು ವೈದ್ಯರ ಲಿಖಿತ ಅಂದಾಜು, ಆಮೇಲೆ ಮನವಿ. ಮನವಿಯಲ್ಲಿ ನಂಬರ್ ಹಾಕಿ: "26-0143, ತೊಡೆಮೂಳೆ ಆಪರೇಷನ್, ಬೇಕಾದ್ದು ಇಷ್ಟು." ಅಷ್ಟು ಕೂಡಿದ ಕ್ಷಣ "ಸಾಕು" ಅಂತ ಬರೆದು ಕ್ಯೂಆರ್ ತೆಗೆಯಿರಿ. ಪ್ರಾಣಿ ಸತ್ತರೆ ಉಳಿದ ದುಡ್ಡು ಏನಾಗುತ್ತೆ ಅನ್ನೋದನ್ನ ಮನವಿಯಲ್ಲೇ ಹೇಳಿರಬೇಕು, ಸತ್ತಮೇಲೆ ಹೇಳಿದರೆ ಯಾರಿಗೂ ಸರಿಕಾಣಲ್ಲ. ಬಿಲ್ಲಿನ ಮೇಲೆ ಪ್ರಾಣಿಯ ನಂಬರ್ ಬರೆಸಿ. ಒಂದೇ ಬಿಲ್ಲು ಎರಡು ಮನವಿಗೆ ಬಳಕೆಯಾಗೋದು ತಪ್ಪೋದು ಹಾಗೆಯೇ. ಅಕ್ಕಿ, ಕೋಳಿ ಕಾಲು-ತಲೆ, ಆಟೋ ಬಾಡಿಗೆಗೆ ಬಿಲ್ಲು ಸಿಗಲ್ಲ. ಅದಕ್ಕೆ ವೋಚರ್ ಬರೆದು ತಗೊಂಡವರ ಸಹಿ ಹಾಕಿಸಿ. ಬಿಲ್ಲಿಲ್ಲ ಅಂತ ಲೆಕ್ಕದಿಂದ ಬಿಡಬೇಡಿ.

ಅಮೆರಿಕದವರ ವಿಷಯ: ಅವರ ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳಲ್ಲ. ಅಮೆರಿಕದ ಪೌರತ್ವ ತಗೊಂಡು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇಟ್ಟುಕೊಂಡಿದ್ದರೆ ಅದು ವಿದೇಶಿ ದೇಣಿಗೆ, 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿನೂ ತಗೋಬಾರದು. ಊರಿನಲ್ಲಿರೋ ಅವರ ತಮ್ಮನ ಖಾತೆಗೆ ಹಾಕಿಸಿ ಅಲ್ಲಿಂದ ತಗೊಳ್ಳೋ ದಾರಿಯನ್ನು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ.

---

ದತ್ತುಮೇಜು, ಬೆಂಗಳೂರು

ದಿನಗಳ ಸರಾಸರಿ ಇಳಿಸೋಕೆ ದತ್ತು ಬೇಗ ಆಗಬೇಕು ನಿಜ, ಆದರೆ ಅವಸರದಲ್ಲಿ ಕೊಟ್ಟದ್ದು ತಿಂಗಳೊಳಗೆ ವಾಪಸ್ ಬರುತ್ತೆ ಅಥವಾ ಬೀದಿಗೆ ಬೀಳುತ್ತೆ. ಮನೆ ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಪತ್ರ ಅಥವಾ ಫೋನಿನಲ್ಲಿ ಅವರ ಮಾತು ಕೇಳಿಸಿಕೊಳ್ಳಿ. ಮನೆಯಲ್ಲಿ ದೊಡ್ಡವರೆಲ್ಲ ಒಪ್ಪಿದ್ದಾರಾ ಅಂತ ಅವರ ಬಾಯಿಂದಲೇ ಕೇಳಿ. ಬೆಕ್ಕು ಕೊಡೋದಾದರೆ ಬಾಲ್ಕನಿಗೆ ಬಲೆ ಕಟ್ಟಿದ ಫೋಟೋ ಬಂದಮೇಲೆ ಕೊಡಿ.

ಫಾರಂನಲ್ಲಿ ಎರಡು ಸಾಲು ಇರಲೇಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಇಂಥ ತಿಂಗಳೊಳಗೆ ಅಂತ ತಾರೀಖು ಹಾಕಿದ ಒಂದು ಸಾಲು, ಸಾಕೋಕೆ ಆಗದಿದ್ದರೆ ಬೇರೆಯವರಿಗೆ ಕೊಡದೆ ನಮಗೇ ವಾಪಸ್ ಅನ್ನೋ ಇನ್ನೊಂದು. ಎರಡನೆಯದನ್ನು ಬರೆದಮೇಲೆ ನೀವು ಜಾಗ ಇಲ್ಲ ಅನ್ನುವಂತಿಲ್ಲ, ಯಾವಾಗಲೂ ಎರಡು ಬೋನು ಅದಕ್ಕಂತ ಖಾಲಿ ಇಟ್ಟಿರಬೇಕು. ಕೊಟ್ಟ ಮೂರನೇ ದಿನ, ಮೂರನೇ ವಾರ, ಮೂರನೇ ತಿಂಗಳು ವಿಡಿಯೋ ಕಾಲ್ ಮಾಡಿ. ಫೋಟೋ ಹಳೆಯದನ್ನೇ ಕಳಿಸಬಹುದು, ವಿಡಿಯೋ ಕಾಲ್‌ನಲ್ಲಿ ಆಗಲ್ಲ. ವಾಪಸ್ ಬಂದರೆ ಬೈಯಬೇಡಿ, ಕಾರಣ ಬರೆದುಕೊಳ್ಳಿ. ಬೈಸಿಕೊಂಡವರು ಮುಂದಿನ ಸಲ ಫೋನ್ ಮಾಡದೆ ಹೈವೇಯಲ್ಲಿ ಬಿಡ್ತಾರೆ.

ವಾಸಿಯಾದ ಬೀದಿ ನಾಯಿಯನ್ನು "ಒಳ್ಳೆ ಜಾಗ" ಅಂತ ಯಾವುದೋ ತೋಟದ ಹತ್ತಿರ ಬಿಡೋದು ದೊಡ್ಡ ತಪ್ಪು. ಅಲ್ಲಿನ ನಾಯಿಗಳು ಸೀಳಿ ಹಾಕ್ತವೆ, ಇಲ್ಲ ತನ್ನ ಬೀದಿ ಹುಡುಕ್ತಾ ಹೊರಟು ಗಾಡಿಗೆ ಸಿಗುತ್ತೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಹಿಡಿದ ಜಾಗಕ್ಕೇ ಬಿಡಬೇಕು ಅನ್ನುತ್ತವೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಿಂದ ಬಂದ ನಾಯಿಯಾದರೆ ಸುಪ್ರೀಂ ಕೋರ್ಟಿನ 2025ರ ನವೆಂಬರ್ 7ರ ಆದೇಶ ನೋಡಿ, ಅಲ್ಲಿಂದ ತೆಗೆದದ್ದನ್ನು ಮತ್ತೆ ಅಲ್ಲಿಗೇ ಬಿಡಬಾರದು ಅಂತಿದೆ. ಬಿಡೋ ಮುಂಚೆ ನಗರಸಭೆಯಲ್ಲಿ ಕೇಳಿ. ಇದಕ್ಕೇ ಪುಸ್ತಕದಲ್ಲಿ ಸಿಕ್ಕಿದ ಜಾಗವನ್ನು ಅಡ್ಡರಸ್ತೆ ಸಮೇತ ಬರೆಯೋದು. ಸಂತಾನಹರಣ ಕ್ಯಾಂಪ್ ಮಾತ್ರ ನೀವೇ ಇಟ್ಟುಕೊಳ್ಳೋಕೆ ಹೋಗಬೇಡಿ, ಅದಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು.

---

ಕರಾವಳಿ_ಗಿಡುಗ, ಮಂಗಳೂರು

ಒಂದು ವಿಷಯ ಯಾರೂ ಹೇಳಲಿಲ್ಲ ಮಾರಾಯ್ರೆ, ಕಾಡುಪ್ರಾಣಿ. ನಾಯಿ-ಬೆಕ್ಕಿನ ಗುಂಪಿಗೂ ಗಿಳಿ, ಗೂಬೆ, ಹದ್ದು, ಹಾವು, ಪುನುಗು ಬೆಕ್ಕಿನ ಮರಿ ಬಂದೇ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವು ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926 ಉಂಟು. ಫೋನ್ ಮಾಡಿದ ಹೊತ್ತು, ಮಾತಾಡಿದವರ ಹುದ್ದೆ ಬರೆದಿಟ್ಟುಕೊಳ್ಳಿ, ಒಪ್ಪಿಸಿದಾಗ ಸಹಿ ತೆಗೆದುಕೊಳ್ಳಿ.

ಅಲ್ಲಿಯವರೆಗೆ ಮಾಡಬೇಕಾದ್ದು ಬಹಳ ಕಡಿಮೆ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಒಳಗೆ ಹಳೆ ಬಟ್ಟೆ, ಕತ್ತಲು, ಸದ್ದಿಲ್ಲದ ಕೋಣೆ. ನಾಯಿ ಬೊಗಳುವ ಶೆಡ್ಡಿನಲ್ಲಿ ಇಡಬೇಡಿ, ಹೆದರಿಕೆಗೇ ಹಕ್ಕಿ ಸಾಯುತ್ತದೆ. ಕೊಕ್ಕು ಬಿಡಿಸಿ ನೀರು ಹೊಯ್ಯಬೇಡಿ. ಹಕ್ಕಿಯ ಉಸಿರಿನ ದಾರಿಯ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ನೇರ ಅಲ್ಲಿಗೆ ಇಳಿಯುತ್ತದೆ. ಹಾಲು, ಅನ್ನ ಯಾವುದೂ ಬೇಡ. ಮಾಂಜಾ (ಗಾಜಿನ ಪುಡಿ ಹಚ್ಚಿದ ಗಾಳಿಪಟದ) ದಾರ ಸುತ್ತಿದ್ದರೆ ಎಳೆಯದೆ ಎರಡೂ ಬದಿ ಕತ್ತರಿಸಿ, ಮಾಂಸದೊಳಗೆ ಹೋದ ತುಂಡನ್ನು ವೈದ್ಯರಿಗೆ ಬಿಡಿ. ಪುನುಗಿನ ಮರಿಯನ್ನು ಮಡಿಲಲ್ಲಿಟ್ಟು ಬಾಟಲಿ ಹಾಲು ಕುಡಿಸುವ ವಿಡಿಯೋಕ್ಕೆ ಲೈಕು ಬರುತ್ತದೆ, ಆದರೆ ಮನುಷ್ಯರ ಹೆದರಿಕೆ ಹೋದ ಮರಿಗೆ ಕಾಡಿನಲ್ಲಿ ಬದುಕು ಇಲ್ಲ.

---

ಶೆಡ್‌ಕೀಲಿ, ಹಾಸನ

ಎಲ್ಲರಿಗೂ ವಂದನೆ. ಮರಿಗಳನ್ನು ತಗೊಳ್ಳೋದು ಇವತ್ತಿಂದ ನಿಲ್ಲಿಸಿದ್ದೀವಿ, ಆರು ಸಾವಿನ ವಿಷಯ ಪೇಜಿಗೆ ಬರೆದಾಯ್ತು. ಕಂದು ಮರಿ ಸತ್ತಿದ್ದೇ ನಿಜ ಅಂತ ಆಸ್ಪತ್ರೆ ಚೀಟಿಯಿಂದ ಖಚಿತವಾಯ್ತು, ಆ ದಾನಿಗೆ ಚೀಟಿ ಸಮೇತ ತಿಳಿಸ್ತೀವಿ. ಒಂದೇ ಅನುಮಾನ: ಬ್ಲೀಚ್ ನೀರನ್ನು ವಾರಕ್ಕಾಗುವಷ್ಟು ಡ್ರಮ್ಮಿನಲ್ಲಿ ಒಂದೇ ಸಲ ಕಲಸಿಟ್ಟುಕೊಳ್ಳಬಹುದಾ?

---

ಧಾರವಾಡ_ಪಶುವೈದ್ಯ

ಬ್ಯಾಡ್ರಿ. ಕಲಸಿದ ನೀರಿನ ಶಕ್ತಿ 24 ತಾಸಿನಾಗ ಇಳೀತದ, ಬಿಸಿಲಿಗಿದ್ರ ಇನ್ನೂ ಜಲ್ದಿ. ದಿನಾ ಮುಂಜಾನೆ ಅವತ್ತಿಗೆ ಬೇಕಾದಷ್ಟ ಕಲಸ್ರಿ. ಕ್ಯಾನು ಸೈತ ಒಡೆದ ಮ್ಯಾಲೆ ತಿಂಗಳು ತಿಂಗಳು ಸಪ್ಪಗಾಗ್ತದ, ನೆರಳಾಗ ಬಿಗಿ ಮುಚ್ಚಳ ಹಾಕಿ ಇಡ್ರಿ. ಒಡೆದ ತಾರೀಖು ಮಾರ್ಕರ್‌ನಿಂದ ಕ್ಯಾನಿನ ಮ್ಯಾಲೇನ ಬರೀರಿ.